ಬೇರೆ ಮಾತಿನವರೊಡನೆ ಕೆಲಸ: ಮೂರು ಪಾಠಗಳು



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಊರಿನಲ್ಲಿ ಎಲ್ಲರೂ ಕೇಳಿ ಬೆಳೆದವರೇ. ಆದರೆ ಊರಿನಲ್ಲಿ ಮಾತು ಎಂದರೆ ಒಂದೇ ಮಾತು. ಇಲ್ಲಿಯೋ, ಬೆಳಿಗ್ಗೆ ಗಾಡಿ ಹತ್ತುವಾಗ ಮರಾಠಿ, ಕೆಲಸದಲ್ಲಿ ಹಿಂದಿ, ಸೇಠರ ಮುಂದೆ ಗುಜರಾತಿ, ಕಾಗದದಲ್ಲಿ ಇಂಗ್ಲಿಷು; ರಾತ್ರಿ ಕೋಣೆಗೆ ಬಂದ ಮೇಲೆ ಮಾತ್ರ ಕನ್ನಡ. ಹೀಗಿರುವಾಗ ‘ಮಾತು ಬಲ್ಲವನು’ ಎಂದರೆ ಯಾರು? ಈ ಸಲದ ಪಾಠಕ್ಕೆ ನಾವು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಓದಿ ತಿಳಿದದ್ದಕ್ಕಿಂತ ತಪ್ಪಿ ತಿಳಿದದ್ದೇ ಹೆಚ್ಚು. ಅದನ್ನೇ ಇಲ್ಲಿ ಹೇಳುತ್ತೇವೆ.

ಗಿರಣಿ ಎಂದೊಡನೆ ಹಿರಿಯ ಸದಸ್ಯರಿಗೆ ಲಾಲಬಾಗ, ಪರಳಗಳ ಭೋಂಗಾ ನೆನಪಾಗಬಹುದು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಿದ್ದರು. ಆ ಮೇಲೆ ಅಲ್ಲಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮದು ಭಿವಂಡಿ ಕಡೆಯ ಚಿಕ್ಕ ಗಿರಣಿ. ಅಲ್ಲಿ ನೇಯುವವರಲ್ಲಿ ಉತ್ತರ ಪ್ರದೇಶ, ಬಿಹಾರಗಳವರು, ತೆಲುಗರು. ಕಂಡಿಕೆ ಸುತ್ತುವ ಹೆಂಗಸರಲ್ಲಿ ಹೆಚ್ಚಿನವರು ಮರಾಠಿಯವರು. ಇವರೆಲ್ಲರ ಹೆಸರು, ರಜೆ, ಪಗಾರ ನಮ್ಮ ಲೇಖನಿಯ ತುದಿಯಲ್ಲಿರುತ್ತವೆ. ನಮ್ಮ ಕಿವಿ ತಪ್ಪಿದರೆ ಅವರ ಹೊಟ್ಟೆಗೆ ಪೆಟ್ಟು. ಈ ಮಾತು ಉತ್ಪ್ರೇಕ್ಷೆಯಲ್ಲ ಎಂಬುದಕ್ಕೆ ನಡೆದ ಸಂಗತಿಯೊಂದನ್ನು ಕೇಳಿರಿ.

ಮೊದಲನೆಯ ಪಾಠ: ಶಬ್ದ ನಮ್ಮದಾದರೂ ಅರ್ಥ ಅವರದು

ನಾವು ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಪಾಳಿ ಬದಲಾಗುವ ಹೊತ್ತಿಗೆ ಇಬ್ಬರು ನೇಕಾರರಿಗೆ ಜಗಳವಾಯಿತು. ಒಬ್ಬ ತೆಲುಗಿನವ, ಇನ್ನೊಬ್ಬ ಉತ್ತರ ಪ್ರದೇಶದವ. ಇಬ್ಬರನ್ನೂ ಕಚೇರಿಗೆ ಕರೆತಂದರು. ಉತ್ತರ ಪ್ರದೇಶದವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾಹಬ್, ರಾಜೀನಾಮಾ ಕರ್ ಲೇತೇ ಹೈಂ’ ಎಂದ. ನಮಗೆ ಹಿಂದಿ ಅಷ್ಟಕ್ಕಷ್ಟೆ; ಆದರೆ ‘ರಾಜೀನಾಮೆ’ ಗೊತ್ತಿಲ್ಲವೇ? ಕೆಲಸ ಬಿಡಲು ಒಪ್ಪಿದ್ದಾನೆಂದು ಚೀಟಿ ಬರೆದು ಮೇಲಿನವರಿಗೆ ಕಳಿಸಿಬಿಟ್ಟೆವು.

ಮರುದಿನ ಬೆಳಿಗ್ಗೆ ಆತನನ್ನು ಕಾವಲುಗಾರ ಬಾಗಿಲಲ್ಲೇ ತಡೆದ. ಕೈಯಲ್ಲಿ ಊಟದ ಡಬ್ಬಿ ಹಿಡಿದು ಆತ ಏನೂ ತಿಳಿಯದೆ ನಿಂತಿದ್ದ. ಕೊನೆಗೆ ನಮ್ಮ ಮುದಿ ಜಾಬರರು ಬಂದು ಕೇಳಿ ತಿಳಿದು, ‘ಅಯ್ಯಾ, ಅವನು ಹೇಳಿದ್ದು ರಾಜಿ ಮಾಡಿಕೊಳ್ಳೋಣ ಅಂತ. ನೀನು ಅವನ ಕೆಲಸಾನೇ ಕಿತ್ತೀಯಲ್ಲ!’ ಎಂದರು. ನಾವು ಓಡಿಹೋಗಿ ಚೀಟಿಯನ್ನು ಹಿಂದಕ್ಕೆ ಪಡೆದು ತಪ್ಪೊಪ್ಪಿಕೊಂಡೆವು. ಆತನಿಗೆ ಅರ್ಧ ದಿನದ ಪಗಾರ ಹೋಗಿತ್ತು. ಅದನ್ನು ನಮ್ಮ ಕೈಯಿಂದ ಕೊಡಲು ಹೋದಾಗ ಆತ ತೆಗೆದುಕೊಳ್ಳಲಿಲ್ಲ. ‘ಚಾಯ್ ಪಿಲಾ ದೀಜಿಯೇ’ ಎಂದು ನಕ್ಕ. ಆ ಚಹ ಕುಡಿಯುವಾಗ ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ಆಮೇಲೆ ವಿಚಾರಿಸಿ ತಿಳಿದುದು ಇಷ್ಟು. ‘ರಾಜೀನಾಮಾ’ ಫಾರಸಿಯ ಶಬ್ದ. ‘ರಾಜಿ’ ಎಂದರೆ ಒಪ್ಪಿದವನು, ‘ನಾಮಾ’ ಎಂದರೆ ಪತ್ರ. ಸೇರಿಸಿದರೆ ಒಪ್ಪಿಗೆಯ ಪತ್ರ. ಹಿಂದಿಯವರ ಕೋರ್ಟು ಕಚೇರಿಗಳಲ್ಲಿ ಅದು ಇಬ್ಬರು ವಾದಿಗಳು ಒಪ್ಪಿ ಜಗಳ ಮುಗಿಸುವ ಪತ್ರವಾಯಿತು. ನಮ್ಮ ಹಳೆಯ ಮುಂಬಯಿ ಇಲಾಖೆಯ ಕಂದಾಯ ಕಾಗದಗಳಲ್ಲಿ ರೈತನು ಹೊಲದ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಅದೇ ಹೆಸರು. 1956ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಆಡಳಿತದಲ್ಲೇ ಇದ್ದವಷ್ಟೆ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಈಗ ರಾಜೀನಾಮೆ ಎಂದರೆ ಕೆಲಸ ಬಿಡುವ ಪತ್ರ. ಹಿಂದಿಯವನು ಅದಕ್ಕೆ ‘ಇಸ್ತೀಫಾ’ ಅಥವಾ ‘ತ್ಯಾಗಪತ್ರ’ ಎನ್ನುತ್ತಾನೆ. ಯಾರದೂ ತಪ್ಪಲ್ಲ, ಒಂದೇ ಶಬ್ದ ಎರಡು ಮನೆಗೆ ದತ್ತು ಹೋಗಿ ಎರಡು ರೀತಿ ಬೆಳೆಯಿತು.

ಇಂಥ ಶಬ್ದಗಳು ಇನ್ನೂ ಉಂಟು. ಬರೆದಿಟ್ಟುಕೊಳ್ಳಿರಿ:

ಅವಸರ — ನಮಗೆ ಗಡಿಬಿಡಿ, ಹಿಂದಿಯಲ್ಲಿ ಸದವಕಾಶ.
ಅನುಮಾನ — ನಮಗೆ ಸಂಶಯ, ಹಿಂದಿಯಲ್ಲಿ ಅಂದಾಜು. ‘ಖರ್ಚಿನ ಅನುಮಾನ’ ಎಂದರೆ ಯಾರೂ ನಿಮ್ಮನ್ನು ಕಳ್ಳನೆನ್ನುತ್ತಿಲ್ಲ.
ಶಿಕ್ಷಾ — ಹಿಂದಿಯಲ್ಲಿ ವಿದ್ಯೆ. ಮರಾಠಿಯಲ್ಲಿ ನಮ್ಮಂತೆಯೇ ದಂಡನೆ.
ಚೇಷ್ಟಾ — ಹಿಂದಿ, ಬಂಗಾಳಿಗಳಲ್ಲಿ ಪ್ರಯತ್ನ, ಮರಾಠಿಯಲ್ಲಿ ಗೇಲಿ, ನಮಗೆ ತುಂಟತನ.
ಉಪನ್ಯಾಸ — ನಮಗೆ ಭಾಷಣ, ಹಿಂದಿಯಲ್ಲಿ ಕಾದಂಬರಿ.
ಕಂಪು — ನಮಗೆ ಸುವಾಸನೆ, ತೆಲುಗಿನಲ್ಲಿ ದುರ್ವಾಸನೆ. ತೆಲುಗು ಗೆಳೆಯನ ಮನೆಗೆ ಊಟಕ್ಕೆ ಹೋದಾಗ ಈ ಶಬ್ದದಿಂದ ಹೊಗಳಬೇಡಿರಿ!

ಕೇಳದ ಶಬ್ದ ಬಂದರೆ ನಾವು ಅರ್ಥ ಕೇಳುತ್ತೇವೆ. ಮೋಸ ಹೋಗುವುದು ಕೇಳಿದ ಶಬ್ದ ಬಂದಾಗ. ಆದ್ದರಿಂದ ಪರಿಚಯದ ಶಬ್ದದಲ್ಲಿಯೇ ಎಚ್ಚರ ಹೆಚ್ಚಿರಲಿ.

ಎರಡನೆಯ ಪಾಠ: ‘ನಾವು’ ಎಂದರೆ ಯಾರು ಯಾರು?

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಕಂಡಿಕೆ ಖಾತೆಯ ಐದು ಜನ ಹೆಂಗಸರ ಭವಿಷ್ಯನಿಧಿಯ ಕಾಗದಗಳಲ್ಲಿ ಹೆಸರು ತಪ್ಪಾಗಿತ್ತು. ಸರಿಪಡಿಸಲು ಅವರೇ ಆಧಾರ ಕಾರ್ಡಿನೊಡನೆ ಬರಬೇಕಾಗಿತ್ತು. ಹಿಂದಿನ ಸಂಜೆ ನಾವು ನಮಗೆ ತಿಳಿದ ಮರಾಠಿಯಲ್ಲಿ, ‘ಉದ್ಯಾ ದಹಾ ವಾಜತಾ ಆಮ್ಹೀ ಆಫೀಸಲಾ ಜಾಣಾರ’ ಎಂದೆವು. ನಾಳೆ ಹತ್ತಕ್ಕೆ ನಾವು ಹೋಗುವುದಿದೆ ಎಂದು. ಅವರು ತಲೆಯಾಡಿಸಿದರು. ಮರುದಿನ ಕಚೇರಿಯ ಮುಂದೆ ನಾವೊಬ್ಬರೇ. ಮಧ್ಯಾಹ್ನದ ವರೆಗೆ ಕಾದು, ಸಿಟ್ಟಿನಿಂದ ಹಿಂದಿರುಗಿ ಕೇಳಿದರೆ, ಅವರಲ್ಲಿ ಹಿರಿಯಳಾದ ಬಾಯಿ ಹೇಳಿದಳು: ‘ನೀವು ಹೋಗ್ತೀವಿ ಅಂದಿರಿ, ನಮ್ಮನ್ನ ಕರೀಲೇ ಇಲ್ಲವಲ್ಲ, ಭಾವೂ.’ ಅವಳ ಮಗಳ ಮದುವೆಗೆ ಬೇಕಾಗಿದ್ದ ಹಣ ಈ ಕಾರಣದಿಂದ ವಾರಗಟ್ಟಲೆ ತಡವಾಯಿತು.

ಗುಟ್ಟು ಇಲ್ಲಿದೆ. ಮರಾಠಿಯಲ್ಲಿ ‘ನಾವು’ ಎರಡು. ‘ಆಮ್ಹೀ’ ಎಂದರೆ ನಾವು ಮಾತ್ರ, ಕೇಳುವ ನೀವು ಅದರಲ್ಲಿಲ್ಲ. ‘ಆಪಣ’ ಎಂದರೆ ನಾವೂ ನೀವೂ ಕೂಡಿ. ಗುಜರಾತಿಯಲ್ಲಿ ‘ಅಮೇ’ ಮತ್ತು ‘ಆಪಣೇ’. ತೆಲುಗಿನಲ್ಲಿ ‘ಮೇಮು’ ಮತ್ತು ‘ಮನಮು’. ತಮಿಳಿನಲ್ಲಿ ‘ನಾಂಗಳ್’ ಮತ್ತು ‘ನಾಮ್’. ನಮ್ಮ ತುಳು ಬಂಧುಗಳಿಗೆ ಇದು ಹಾಲು ಕುಡಿದಷ್ಟು ಸುಲಭ. ಅವರ ‘ಎಂಕುಲು’ ಬೇರೆ, ‘ನಮ’ ಬೇರೆ. ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ‘ನಾವು’. ಈ ಲೇಖನದಲ್ಲಿಯೇ ನೋಡಿರಿ, ಮೊದಲಿನಿಂದ ‘ನಾವು’ ಎಂದು ಬರೆಯುತ್ತಿದ್ದೇವೆ. ಓದುವ ನೀವು ಅದರಲ್ಲಿ ಸೇರಿದ್ದೀರೋ ಇಲ್ಲವೋ ಶಬ್ದದಿಂದ ತಿಳಿಯದು.

ಹಿಂದಿಯ ‘ಹಮ್’ ಕೂಡ ಕನ್ನಡದಂತೆಯೇ. ಅದರಲ್ಲಿಯೂ ಪೂರ್ವ ಉತ್ತರ ಪ್ರದೇಶ, ಬಿಹಾರಗಳವರು ‘ನಾನು’ ಎನ್ನಬೇಕಾದಲ್ಲಿಯೂ ‘ಹಮ್’ ಎನ್ನುವರು. ‘ಕಲ್ ಹಮ್ ನಹೀಂ ಆಯೇಂಗೇ’ ಎಂದು ಒಬ್ಬ ನೇಕಾರ ಹೇಳಿದಾಗ ಇಡೀ ಪಾಳಿಯೇ ಬರುವುದಿಲ್ಲವೆಂದು ಗಾಬರಿಯಾಗಬಾರದು. ಅವನೊಬ್ಬನಿಗೆ ರಜೆ ಬೇಕಾಗಿದೆ, ಅಷ್ಟೆ.

ಈ ಪಾಠ ದೇಶದೊಳಗೇ ಮುಗಿಯುವುದಿಲ್ಲ. ಮಲೇಷಿಯಾ, ಇಂಡೋನೇಷಿಯಾಗಳ ಮಾತಿನಲ್ಲಿ ‘ಕಿತಾ’ ಎಂದರೆ ಕೇಳುವವನೂ ಸೇರಿದ ನಾವು, ‘ಕಾಮಿ’ ಎಂದರೆ ಅವನನ್ನು ಬಿಟ್ಟು ನಾವು. ಇಂಗ್ಲಿಷಿನ ‘ವಿ’ಯಲ್ಲಿ ನಮ್ಮಂತೆ ಈ ಭೇದವಿಲ್ಲ. ಆದ್ದರಿಂದ ಪರದೇಶದ ಗಿರಾಕಿಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ನಾವು ಮಾಲನ್ನು ಪರೀಕ್ಷಿಸುವೆವು’ ಎಂದು ಬಿಡಬಾರದು. ನಮ್ಮ ಕಡೆಯವರೇ ಮಾಡುವರೋ, ಎರಡೂ ಕಡೆಯವರು ಕೂಡಿ ಮಾಡುವರೋ ಬಿಡಿಸಿ ಬರೆಯಬೇಕು.

ನೀನು-ನೀವುಗಳ ಮಾತನ್ನೂ ಇಲ್ಲಿಯೇ ಹೇಳಬೇಕು. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಗುಜರಾತಿ ಸೇಠರು ‘ತುಮ್’ ಎಂದರೆ ಮುಖ ಸಣ್ಣದಾಗುತ್ತದೆ. ಹಿಂದಿಯಲ್ಲಿ ಗೌರವಕ್ಕೆ ‘ಆಪ್’ ಎಂದು ಅವನು ಕಲಿತಿದ್ದಾನೆ. ಆದರೆ ಗುಜರಾತಿಯ ‘ತಮೇ’, ಮರಾಠಿಯ ‘ತುಮ್ಹೀ’ ನಮ್ಮ ‘ನೀವು’ ಇದ್ದಂತೆ ಗೌರವದ ಮಾತೇ. ಅದನ್ನೇ ಅವರು ಹಿಂದಿಗೆ ತಂದು ‘ತುಮ್’ ಎನ್ನುತ್ತಾರೆ. ಅದೇ ‘ತುಮ್’ ಅನ್ನು ನಾವು ಲಖನೌ ಕಡೆಯ ಹಿರಿಯರಿಗೆ ಅಂದರೆ ಅವರಿಗೆ ನೋವಾದೀತು. ಆದ್ದರಿಂದ ಕೇಳುವಾಗ ಉದಾರವಾಗಿರಬೇಕು, ಆಡುವಾಗ ಬಿಗಿಯಾಗಿರಬೇಕು. ಇನ್ನೊಬ್ಬರ ‘ತುಮ್’ ಅನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ನೀವು ಮಾತ್ರ ಎಲ್ಲರಿಗೂ ‘ಆಪ್’ ಎನ್ನಿರಿ.

ಮೂರನೆಯ ಪಾಠ: ಅಂಕಿಗಳಿಗೂ ದೇಶಭಾಷೆಯುಂಟು

ಮಾತು ತಪ್ಪಬಹುದು, ಲೆಕ್ಕ ತಪ್ಪದು ಎಂದು ಗುಮಾಸ್ತರಾದ ನಮಗೆ ಒಂದು ಧೈರ್ಯ. ಅದೂ ಪೂರ್ತಿ ನಿಜವಲ್ಲ. ನಮ್ಮ ಕಸಬಿನ ನೂಲನ್ನೇ ತೆಗೆದುಕೊಳ್ಳಿರಿ. ಗಿರಣಿಯಲ್ಲಿ 40 ನಂಬರಿನ ನೂಲೆಂದರೆ, 840 ಗಜದ 40 ಲಡಿಗಳು ಸೇರಿ ಒಂದು ಪೌಂಡು ತೂಗುವ ನೂಲು. ನಂಬರು ಹೆಚ್ಚಿದಂತೆ ನೂಲು ತೆಳು. ‘ಟೆಕ್ಸ್’ ಎಂಬ ಇನ್ನೊಂದು ಅಳತೆಯಲ್ಲಿ 1000 ಮೀಟರು ನೂಲು ಎಷ್ಟು ಗ್ರಾಂ ತೂಗುವುದೋ ಅದೇ ನಂಬರು. ಅಲ್ಲಿ ನಂಬರು ಹೆಚ್ಚಿದಂತೆ ನೂಲು ದಪ್ಪ. ನಮ್ಮ 40 ನಂಬರು ಅಲ್ಲಿ ಸುಮಾರು 14.8; ನಮ್ಮ 20 ನಂಬರು ಸುಮಾರು 29.5. ಒಂದೇ ನೂಲನ್ನು ಒಬ್ಬನು ಉದ್ದದಿಂದ ನೋಡಿದ, ಇನ್ನೊಬ್ಬನು ತೂಕದಿಂದ ನೋಡಿದ. ಇಬ್ಬರೂ ಸರಿ. ಯಾವ ಅಳತೆಯೆಂದು ಕೇಳದೆ ‘ಹೆಚ್ಚಿನ ನಂಬರು ಕಳಿಸಿರಿ’ ಎಂದು ಬರೆದವನು ಮಾತ್ರ ತಪ್ಪು.

ಕಾಗದಪತ್ರಗಳಲ್ಲಿ ಮುಖ್ಯವಾಗಿ ನಾಲ್ಕು ಕಡೆ ಎಚ್ಚರ ಬೇಕು.

1. ತಾರೀಖು: 5/6 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಗೊಂದಲವಿಲ್ಲ.
2. ಚುಕ್ಕೆ ಮತ್ತು ಅಲ್ಪವಿರಾಮ: ಜರ್ಮನರು ಸಾವಿರದ ಇನ್ನೂರೈವತ್ತನ್ನು 1.250 ಎಂದು ಬರೆಯುವರು. ನಮ್ಮ ಒಂದೂಕಾಲು, ಅಂದರೆ 1.25, ಅವರಿಗೆ 1,25.
3. ಲಕ್ಷ, ಕೋಟಿ: ಇವು ನಮ್ಮ ಕಡೆಯವರಿಗೆ ಮಾತ್ರ ತಿಳಿಯುವ ಮಾತು. ಹತ್ತು ಲಕ್ಷ ಒಂದು ಮಿಲಿಯನ್. ನೂರು ಕೋಟಿ ಒಂದು ಬಿಲಿಯನ್.
4. ವಾರದ ರಜೆ: ಬಾಂಗ್ಲಾದೇಶದಲ್ಲಿ ಶುಕ್ರವಾರ, ಶನಿವಾರ. ಸೌದಿ ಅರೇಬಿಯದಲ್ಲಿಯೂ 2013ರಿಂದ ಹಾಗೆಯೇ. ಸಂಯುಕ್ತ ಅರಬ್ ಎಮಿರೇಟುಗಳ ಸರ್ಕಾರಿ ಕಚೇರಿಗಳಲ್ಲಿ 2022ರಿಂದ ಶುಕ್ರವಾರ ಮಧ್ಯಾಹ್ನದ ವರೆಗೆ ಕೆಲಸ, ಶನಿವಾರ ಭಾನುವಾರ ಬಿಡುವು. ಶುಕ್ರವಾರ ಕಳಿಸಿದ ಪತ್ರಕ್ಕೆ ಉತ್ತರ ಬಾರದಿದ್ದರೆ ಗಿರಾಕಿ ಮುನಿದನೆಂದು ತಿಳಿಯಬೇಡಿರಿ.

ದಿನವೂ ಮಾಡುವ ಅಭ್ಯಾಸ

ಹತ್ತು ಭಾಷೆ ಕಲಿಯಲು ಪಾಳಿ ಮುಗಿಸಿ ಬಂದವನಿಗೆ ವೇಳೆಯೆಲ್ಲಿ? ಅಷ್ಟು ಬೇಕಾಗಿಯೂ ಇಲ್ಲ. ರಾಜೀನಾಮೆಯ ಸಂಗತಿಯ ನಂತರ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಯಾರ ಮಾತನ್ನಾದರೂ ಕಾಗದಕ್ಕೆ ಇಳಿಸುವ ಮೊದಲು, ನಮಗೆ ತಿಳಿದುದನ್ನು ನಮ್ಮ ಮಾತಿನಲ್ಲಿ ಹಿಂದಕ್ಕೆ ಹೇಳುತ್ತೇವೆ: ‘ಅಂದರೆ ನಾಳೆಯಿಂದ ನೀವು ಕೆಲಸಕ್ಕೆ ಬರುವುದಿಲ್ಲ, ಹೌದೋ?’ ಅಂದು ಈ ಒಂದು ಪ್ರಶ್ನೆ ಕೇಳಿದ್ದರೆ ಆತ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ‘ತಿಳಿಯಿತೋ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುವರು. ‘ಏನು ಮಾಡಬೇಕು ಹೇಳಿ ನೋಡೋಣ’ ಎಂದರೆ ತಿಳಿದಿದೆಯೋ ಇಲ್ಲವೋ ಹೊರಬೀಳುತ್ತದೆ. ಹೀಗೆ ಕೇಳುವುದರಲ್ಲಿ ನಾಚಿಕೆ ಬೇಡ. ಹಾಗೆಯೇ ನಮ್ಮ ಹರಕು ಮರಾಠಿಗೆ ಯಾರಾದರೂ ನಕ್ಕರೆ ಸಹಿಸಿರಿ. ಇನ್ನೊಬ್ಬರ ಹರಕು ಕನ್ನಡಕ್ಕೆ ಮಾತ್ರ ನಗಬೇಡಿರಿ.

ಮುಂದಿನ ಭಾನುವಾರದ ಕೂಟಕ್ಕೆ ಬರುವಾಗ ಈ ಮೂರನ್ನು ಬರೆದು ತನ್ನಿರಿ. ಒಂದು, ನಿಮ್ಮ ಕೆಲಸದ ಜಾಗದಲ್ಲಿ ಎರಡರ್ಥ ಕೊಡುವ ಒಂದು ಶಬ್ದ. ಎರಡು, ‘ನಾಳೆ ನಾವು ಹೋಗುವೆವು’ ಎಂಬುದನ್ನು ನಿಮಗೆ ತಿಳಿದ ಇನ್ನೊಂದು ಭಾಷೆಯಲ್ಲಿ ಎರಡು ರೀತಿ. ಮೂರು, 30 ನಂಬರಿನ ನೂಲು ಟೆಕ್ಸಿನಲ್ಲಿ ಎಷ್ಟು? 590.5ನ್ನು ನಂಬರಿನಿಂದ ಭಾಗಿಸಿದರೆ ಉತ್ತರ ಸಿಗುವುದು.

ಭೇದಗಳನ್ನೇ ಹೇಳಿದೆವು, ಕೂಡುವ ಮಾತೊಂದನ್ನೂ ಹೇಳಿ ಮುಗಿಸುವೆವು. ಪಾಳಿ ಬಿಟ್ಟಾಗ ಗಿರಣಿಯ ಬಾಗಿಲಲ್ಲಿ ನಿಂತು ಕೇಳಿರಿ. ಮರಾಠಿಯವನು ‘ಯೇತೋ’ ಎನ್ನುತ್ತಾನೆ, ಅಂದರೆ ಬರುತ್ತೇನೆ. ಗುಜರಾತಿಯವರು ‘ಆವಜೋ’, ಬನ್ನಿರಿ. ಬಂಗಾಳಿ ‘ಆಶಿ’, ತಮಿಳರ ‘ಪೋಯಿಟ್ಟು ವರೇನ್’, ತೆಲುಗರ ‘ವೆಳ್ಳೊಸ್ತಾ’, ಎಲ್ಲದರಲ್ಲಿಯೂ ಬರುವ ಮಾತೇ. ಹೊರಡುವಾಗ ‘ಹೋಗುತ್ತೇನೆ’ ಎಂದಷ್ಟೇ ಹೇಳಲು ಯಾರಿಗೂ ಮನಸ್ಸಿಲ್ಲ. ಕಂಡಿಕೆ ಖಾತೆಯ ಆ ಬಾಯಿ ಈಗಲೂ ಸಂಜೆ ನಮ್ಮ ಮೇಜಿನ ಮುಂದೆ ಹಾದು ಹೋಗುವಾಗ ‘ಯೇತೇ ಭಾವೂ’ ಎನ್ನುತ್ತಾಳೆ. ಅವಳ ಕಾಗದ ಸರಿಯಾದ ದಿನ ಕಚೇರಿಗೆ ಕರೆಯಲು ನಾವು ಹೇಳಿದ್ದು, ‘ಉದ್ಯಾ ಆಪಣ ಜಾಊ’ — ನಾಳೆ ನಾವೂ ನೀವೂ ಕೂಡಿ ಹೋಗೋಣ. ಐವರೂ ಹತ್ತು ಗಂಟೆಗೆ ಮೊದಲೇ ಬಂದು ನಿಂತಿದ್ದರು.