ಕಡಲು ದಾಟುವ ದ್ರಾಕ್ಷಿ

ಮಹಾರಾಷ್ಟ್ರದ ನಾಸಿಕ ಜಿಲ್ಲೆಯಲ್ಲಿ ಫೆಬ್ರವರಿ ತಿಂಗಳು ದ್ರಾಕ್ಷಿಯ ಸುಗ್ಗಿಯ ಕಾಲ. ಆಗ ಯುರೋಪಿನಲ್ಲಿ ಚಳಿಗಾಲ. ಅಲ್ಲಿನ ದ್ರಾಕ್ಷಿಬಳ್ಳಿಗಳು ಎಲೆಯುದುರಿಸಿ ನಿಂತಿರುತ್ತವೆ. ಒಂದು ನಾಡಿನ ಸಮೃದ್ಧಿ ಮತ್ತೊಂದು ನಾಡಿನ ಕೊರತೆಯನ್ನು ತುಂಬುವ ಈ ಋತುಭೇದವೇ ಹಣ್ಣಿನ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಿತು.

ಆದರೆ ಆ ದಾರಿ ಸುಗಮವಾದುದಲ್ಲ. ವಿಜಯಪುರದ ದ್ರಾಕ್ಷಿಯ ಬಹುಭಾಗ ಒಣದ್ರಾಕ್ಷಿಯಾಗುತ್ತದೆ. ಒಣಗಿದ ಹಣ್ಣು ತಿಂಗಳುಗಟ್ಟಲೆ ಕಾಯಬಲ್ಲದು. ತಾಜಾ ಹಣ್ಣು ಹಾಗಲ್ಲ. ಕೊಯ್ದ ಮೇಲೂ ಅದು ಉಸಿರಾಡುತ್ತದೆ. ಬಿಸಿಲು ತಾಗಿದರೆ ಬಾಡುತ್ತದೆ, ತಡವಾದರೆ ಕೊಳೆಯುತ್ತದೆ. ಆದುದರಿಂದ ಮುಂಜಾನೆಯ ತಂಪಿನಲ್ಲಿ ಗೊಂಚಲುಗಳನ್ನು ಕೊಯ್ದು, ಒಡೆದ ಹಣ್ಣುಗಳನ್ನು ಕತ್ತರಿಸಿ ತೆಗೆದು, ಪೆಟ್ಟಿಗೆಗಳಲ್ಲಿ ತುಂಬಿ, ಕೆಲವೇ ಗಂಟೆಗಳೊಳಗೆ ತಂಪುಗೊಳಿಸಬೇಕು. ಅಲ್ಲಿಂದ ಮುಂದೆ ಹಡಗಿನಲ್ಲಿ ವಾರಗಟ್ಟಲೆ ಪಯಣ.

ಒಂದೆರಡು ಎಕರೆಯ ರೈತನಿಗೆ ಇಷ್ಟೆಲ್ಲ ಏರ್ಪಾಡು ಒಬ್ಬಂಟಿಯಾಗಿ ಸಾಧ್ಯವೆ? 1991ರಲ್ಲಿ ಮಹಾರಾಷ್ಟ್ರದ ಬೆಳೆಗಾರರ ಸಹಕಾರ ಸಂಘಗಳು ಒಂದಾಗಿ 'ಮಹಾಗ್ರೇಪ್ಸ್' ಎಂಬ ಸಂಸ್ಥೆಯನ್ನು ಕಟ್ಟಿದುದು ಈ ಕಾರಣದಿಂದಲೇ. ಇಂಥ ಪ್ರಯತ್ನಗಳ ಫಲವಾಗಿ ಶೀತಗೃಹಗಳು ತೋಟಗಳ ಸಮೀಪಕ್ಕೆ ಬಂದವು. ಹಣ್ಣನ್ನು ವಿಂಗಡಿಸುವ, ತುಂಬುವ ಕೆಲಸಗಳಿಂದ ಹಳ್ಳಿಯ ಹೆಂಗಸರಿಗೆ ಕೂಲಿ ದೊರೆಯಿತು.

ಅನಂತರ ಮತ್ತೊಂದು ಪರೀಕ್ಷೆ ಎದುರಾಯಿತು. ಹಣ್ಣಿನಲ್ಲಿ ಉಳಿಯುವ ಔಷಧದ ಅಂಶವನ್ನು ಯುರೋಪಿನ ದೇಶಗಳು ಅಳೆದು ನೋಡತೊಡಗಿದವು. 2003ರಲ್ಲಿ ಕೀಟನಾಶಕದ ಶೇಷ ಕಂಡುಬಂದು ನೆದರ್ಲೆಂಡ್ಸ್‌ನಲ್ಲಿ ಭಾರತದ ದ್ರಾಕ್ಷಿಗೆ ಅಡ್ಡಿಯಾಯಿತು. 2006ರಿಂದ 'ಗ್ರೇಪ್‌ನೆಟ್' ವ್ಯವಸ್ಥೆ ಜಾರಿಗೆ ಬಂದಿತು. ರಫ್ತಿನ ತೋಟಗಳೆಲ್ಲ ನೋಂದಣಿಯಾದವು. ಪೆಟ್ಟಿಗೆಯ ಗುರುತಿನಿಂದ ಅದು ಯಾವ ತೋಟದ ಹಣ್ಣೆಂದು ತಿಳಿಯುವಂತಾಯಿತು.

ಆದರೂ 2010ರಲ್ಲಿ ಆಘಾತವೊಂದು ಕಾದಿತ್ತು. ಬಳ್ಳಿಯ ಬೆಳವಣಿಗೆಯನ್ನು ಹತೋಟಿಯಲ್ಲಿಡಲು ರೈತರು ಬಳಸುತ್ತಿದ್ದ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕವು ಹಣ್ಣಿನಲ್ಲಿ ಮಿತಿಮೀರಿ ಕಂಡುಬಂದಿತು. ಆಗ ಯುರೋಪಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ ಮಾತ್ರವಿತ್ತು. ಇಲ್ಲಿ ಪರೀಕ್ಷಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ಹಣ್ಣು ಪರದೇಶದ ಬಂದರಿನಲ್ಲಿ ತಡೆಹಿಡಿಯಲ್ಪಟ್ಟಿತು. ನಷ್ಟ ಬೆಳೆಗಾರರ ಮನೆಬಾಗಿಲಿಗೆ ಬಂದಿತು. ತರುವಾಯ ಆ ಹೆಸರು ಪಟ್ಟಿಗೆ ಸೇರಿತು.

ತೋಟದಲ್ಲಿ ಸಿಂಪಡಿಸಿದ ಹನಿಯು ಕಡಲಾಚೆ ಸಾಕ್ಷಿ ನುಡಿಯಿತು. ದುಡಿಮೆಯೊಡನೆ ತಿಳಿವಳಿಕೆಯೂ ಕೂಡಿದಾಗಲೇ ಹಳ್ಳಿಯ ಏಳಿಗೆ ಸ್ಥಿರವಾಗುತ್ತದೆ. ಪರದೇಶದ ಗ್ರಾಹಕನಿಗಾಗಿ ಪಾಲಿಸುವ ಎಚ್ಚರಿಕೆ ಊರ ಸಂತೆಯಲ್ಲಿ ಹಣ್ಣು ಕೊಳ್ಳುವ ಬಡವನ ಮಗುವಿಗೂ ಸಲ್ಲಬೇಕು. ಆಗಲೇ ಆ ಪಾಠ ಪೂರ್ಣವಾದೀತು.