ಮಲಗುವ ಊರು, ದುಡಿಯುವ ಊರು

ಬಾಸ್ಟನ್ ಸುತ್ತಮುತ್ತ ಕೆಲಸ ಮಾಡುವ ಕನ್ನಡಿಗರು ಮನೆ ಕೊಳ್ಳಲು ಹೊರಟರೆಂದರೆ ಮಾತು ಬೇಗನೆ ಗಡಿಯ ಕಡೆ ತಿರುಗುತ್ತದೆ. ರೂಟ್ 3 ಹಿಡಿದು ಉತ್ತರಕ್ಕೆ ಹೋದರೆ ನ್ಯೂ ಹ್ಯಾಂಪ್‌ಶೈರ್. ಅಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ, ಅಂಗಡಿಯಲ್ಲಿ ಮಾರಾಟ ತೆರಿಗೆ ಇಲ್ಲ. ವಯಸ್ಕರಿಗೆ ಸೀಟ್ ಬೆಲ್ಟ್ ಕಡ್ಡಾಯ ಮಾಡದ ರಾಜ್ಯ ಇಡೀ ದೇಶದಲ್ಲಿ ಅದೊಂದೇ. 2017ರಿಂದ ಪಿಸ್ತೂಲನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಾಡುವುದಕ್ಕೂ ಲೈಸೆನ್ಸ್ ಬೇಕಿಲ್ಲ. ಗಡಿಯ ಈಚೆ ಮ್ಯಾಸಚೂಸೆಟ್ಸ್‌ನಲ್ಲಿ ಸಂಬಳಕ್ಕೆ ಶೇ. 5 ತೆರಿಗೆ, ಖರೀದಿಗೆ ಶೇ. 6.25, ಬಂದೂಕಿಗೆ ಪೊಲೀಸ್ ಮುಖ್ಯಸ್ಥರ ಲೈಸೆನ್ಸ್. ಹೀಗೆ ಎರಡು ಪಟ್ಟಿ ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಗಡಿ ದಾಟುವ ಆಸೆ ಹುಟ್ಟುತ್ತದೆ. ಆದರೆ ಈ ಪಟ್ಟಿಗಳು ಹೊಂದುವುದು ಅಲ್ಲೇ ಮಲಗಿ, ಅಲ್ಲೇ ದುಡಿದು, ಅಲ್ಲೇ ತಿರುಗಾಡುವವರಿಗೆ. ಆಚೆ ನ್ಯಾಶುವಾದಲ್ಲಿ ಮನೆ, ಈಚೆ ಬರ್ಲಿಂಗ್ಟನ್ನಿನಲ್ಲಿ ಆಫೀಸು ಎಂದಿರುವವರು ಎರಡು ರಾಜ್ಯಗಳ ಕಾನೂನಿನ ಕೆಳಗೂ ಬದುಕಬೇಕು. ತೆರಿಗೆಯ ವಿಚಾರದಲ್ಲೂ, ಬಂದೂಕಿನ ವಿಚಾರದಲ್ಲೂ ಮುಖ್ಯವಾಗುವುದು ನಿಮ್ಮ ಹಗಲು ಎಲ್ಲಿ ಕಳೆಯುತ್ತದೆ ಎಂಬುದು. ಈ ಅಂಕಣದ ವಾದ ಇಷ್ಟೇ.

ಲೆಕ್ಕದಿಂದಲೇ ಶುರು ಮಾಡೋಣ, ಏಕೆಂದರೆ ದುಬಾರಿ ತಪ್ಪು ಆಗುವುದು ಇಲ್ಲೇ. ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಸಂಬಳ, ವಾರದಲ್ಲಿ ಮೂರು ದಿನ ಬರ್ಲಿಂಗ್ಟನ್ ಆಫೀಸು, ಎರಡು ದಿನ ಮನೆಯಿಂದ ಕೆಲಸ ಎಂದು ಹಿಡಿಯೋಣ. ವಿನಾಯಿತಿಗಳನ್ನು ಪಕ್ಕಕ್ಕಿಟ್ಟರೆ, ಮ್ಯಾಸಚೂಸೆಟ್ಸ್ ನಿವಾಸಿ ಕಟ್ಟುವುದು 7,500 ಡಾಲರ್. ನ್ಯೂ ಹ್ಯಾಂಪ್‌ಶೈರ್ ನಿವಾಸಿಯೂ ಮ್ಯಾಸಚೂಸೆಟ್ಸ್ ನೆಲದಲ್ಲಿ ದುಡಿದ ದಿನಗಳಿಗೆ ಆ ರಾಜ್ಯಕ್ಕೆ ತೆರಿಗೆ ಕಟ್ಟಲೇಬೇಕು. ಐದರಲ್ಲಿ ಮೂರು ದಿನ ಎಂದರೆ 4,500. ಉಳಿತಾಯ 3,000. ಈಗ ಆಸ್ತಿ ತೆರಿಗೆ. ಆದಾಯ ತೆರಿಗೆಯೂ ಇಲ್ಲದ, ಮಾರಾಟ ತೆರಿಗೆಯೂ ಇಲ್ಲದ ರಾಜ್ಯದಲ್ಲಿ ಶಾಲೆ ನಡೆಸುವ ದುಡ್ಡು ಮನೆಗಳಿಂದಲೇ ಏಳಬೇಕು. ದರ ಊರಿಂದ ಊರಿಗೆ ಬೇರೆ. ಲೆಕ್ಕದ ಅನುಕೂಲಕ್ಕೆ ಆಚೆ ಶೇ. 1.8, ಈಚೆ ಶೇ. 1.2 ಎಂದಿಟ್ಟುಕೊಳ್ಳಿ. ಆರು ಲಕ್ಷದ ಮನೆಗೆ ಆಚೆ 10,800, ಈಚೆ 7,200. ಅಂತರ 3,600. ಉಳಿಸಿದ 3,000 ಇಲ್ಲೇ ಕರಗಿ, ಮೇಲೆ 600 ಕೈಯಿಂದ ಹೋಯಿತು. ಮಾರಾಟ ತೆರಿಗೆಯಲ್ಲಿ ತುಂಬಿಕೊಳ್ಳಬಹುದೇ? ಮ್ಯಾಸಚೂಸೆಟ್ಸ್‌ನಲ್ಲಿ ದಿನಸಿಗೆ ತೆರಿಗೆ ಇಲ್ಲ, 175 ಡಾಲರಿನ ತನಕ ಬಟ್ಟೆಗೂ ಇಲ್ಲ. ತೆರಿಗೆ ಬೀಳುವ ಖರೀದಿ ವರ್ಷಕ್ಕೆ 10,000 ಡಾಲರ್ ಎಂದರೂ ಉಳಿಯುವುದು 625. ಒಟ್ಟು ಲಾಭ 25 ಡಾಲರ್.

ಇನ್ನು ರಸ್ತೆ. ಈಚೆಯ ಚೆಲ್ಮ್ಸ್‌ಫರ್ಡ್ ಕಡೆಯಿಂದ ಓಡಾಡುವುದಕ್ಕಿಂತ ನ್ಯಾಶುವಾದಿಂದ ಓಡಾಡುವುದು ದಿನಕ್ಕೆ ಹೋಗಿಬಂದು 24 ಮೈಲಿ ಹೆಚ್ಚು ಎನ್ನಿ. ವಾರಕ್ಕೆ ಮೂರು ದಿನ, ವರ್ಷಕ್ಕೆ 48 ವಾರ: 3,456 ಮೈಲಿ. ಐಆರ್‌ಎಸ್ 2025ಕ್ಕೆ ನಿಗದಿ ಮಾಡಿದ ಮೈಲಿಗೆ 70 ಸೆಂಟ್ ದರದಲ್ಲಿ ಇದು ಸುಮಾರು 2,420 ಡಾಲರ್. ‘ತೆರಿಗೆ ಇಲ್ಲದ ರಾಜ್ಯ’ಕ್ಕೆ ಹೋದ ಈ ಮನೆಯವರಿಗೆ ವರ್ಷಕ್ಕೆ 2,400 ಡಾಲರ್ ಹತ್ತಿರ ನಷ್ಟ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಪೂರ್ತಿ ಮನೆಯಿಂದಲೇ ಕೆಲಸವಾದರೆ 7,500 ಉಳಿದು, 3,600 ಹೋಗಿ, 625 ಸೇರಿ, 4,525 ಡಾಲರ್ ಲಾಭ. ಆಫೀಸಿಗೆ ಹೋಗುವ ವಾರದ ಒಂದೊಂದು ದಿನವೂ ಆ ಲಾಭದಿಂದ ತೆರಿಗೆಯಾಗಿ 1,500, ಓಡಾಟವಾಗಿ 806, ಹೀಗೆ 2,300 ಚಿಲ್ಲರೆ ಕಿತ್ತುಕೊಳ್ಳುತ್ತದೆ. ಎರಡು ದಿನಕ್ಕೆ ಲಾಭ ಪೂರ್ತಿ ಸೊನ್ನೆ. ಮೂರನೆಯ ದಿನದಿಂದ ಕೈಯಿಂದ ಖರ್ಚು. ಆಫೀಸಿಗೆ ಎಷ್ಟು ದಿನ ಬರಬೇಕೆಂದು ತೀರ್ಮಾನಿಸುವವರು ನೀವಲ್ಲ, ನಿಮ್ಮ ಕಂಪನಿ. ಮೂವತ್ತು ವರ್ಷದ ಸಾಲವನ್ನು ಮ್ಯಾನೇಜರನ ಒಂದು ಇಮೇಲ್ ಮೇಲೆ ನಿಲ್ಲಿಸುವುದು ಜಾಣತನವಲ್ಲ.

ಕೋವಿಡ್ ಕಾಲದಲ್ಲಿ ನ್ಯೂ ಹ್ಯಾಂಪ್‌ಶೈರ್ ಇದನ್ನು ಕೋರ್ಟಿಗೆ ಒಯ್ದಿತ್ತಲ್ಲ ಎಂದು ಕೆಲವರು ನೆನಪಿಸುತ್ತಾರೆ. ಒಯ್ದದ್ದು ನಿಜ. ಆಫೀಸು ಮುಚ್ಚಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗಲೂ ಮ್ಯಾಸಚೂಸೆಟ್ಸ್ ಮೊದಲಿನಂತೆಯೇ ತೆರಿಗೆ ವಸೂಲಿ ಮಾಡಿತು. ಅದರ ವಿರುದ್ಧ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಕೈಗೆತ್ತಿಕೊಳ್ಳಲಿಲ್ಲ. ಆ ತಾತ್ಕಾಲಿಕ ನಿಯಮ ಈಗಿಲ್ಲ, ಮನೆಯಿಂದ ದುಡಿದ ದಿನ ನಿಮ್ಮದೇ. ಆದರೆ ದುಡಿದದ್ದು ಎಲ್ಲಿ ಎಂದು ತೋರಿಸುವ ಹೊಣೆಯೂ ನಿಮ್ಮದೇ. ಕಂಪನಿ ಕೊಡುವ ಷೇರು (ಆರ್‌ಎಸ್‌ಯು) ನಿಮ್ಮ ಕೈಗೆ ಬಂದಾಗಲೂ ಇದೇ ದಿನಗಳ ಲೆಕ್ಕ ಬೆನ್ನು ಹತ್ತಿ ಬರುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಮನೆಯ ಬೆಲೆಯದು. ಆಚೆ ಆರು ಲಕ್ಷಕ್ಕೆ ಸಿಗುವ ಮನೆ ಈಚೆ ಏಳು ಲಕ್ಷ. ಆ ಒಂದು ಲಕ್ಷದ ಮೇಲೆ ಶೇ. 6.5ರ ಬಡ್ಡಿಯೇ ಮೊದಲ ವರ್ಷ 6,500 ಡಾಲರ್ ಅಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಷ್ಟು ಅಂತರ ನಿಜವಾಗಿ ಇದ್ದರೆ ನ್ಯೂ ಹ್ಯಾಂಪ್‌ಶೈರ್ ಗೆಲ್ಲುತ್ತದೆ, ನಾನು ಅಡ್ಡ ಬರುವುದಿಲ್ಲ. ಆದರೆ ಹಾಗೆ ಗೆದ್ದದ್ದು ಮನೆಯ ಬೆಲೆ. ಆ ಗೆಲುವನ್ನು ತೆರಿಗೆಯ ಲೆಕ್ಕಕ್ಕೆ ಬರೆಯಬೇಡಿ. ಬೆಲೆಯೇ ಮುಖ್ಯವಾದರೆ ಹೋಲಿಕೆಯೂ ಸರಿಯಾಗಿರಬೇಕು: ನ್ಯಾಶುವಾವನ್ನು ಲೆಕ್ಸಿಂಗ್ಟನ್ ಜೊತೆ ಇಟ್ಟು ನೋಡದೆ, ಗಡಿಯ ಈಚೆ ಬದಿಗೇ ಅಂಟಿಕೊಂಡಿರುವ ಡ್ರೇಕಟ್, ಟಿಂಗ್ಸ್‌ಬರೋ ಜೊತೆ ಇಟ್ಟು ನೋಡಿ, ಎಷ್ಟು ಅಂತರ ಉಳಿಯುತ್ತದೆ ಅಂತ. ಈಚೆ ಇನ್ನೊಂದು ಅನುಕೂಲವಿದೆ. 1980ರಲ್ಲಿ ಮತದಾರರೇ ತಂದ ಕಾನೂನಿನಂತೆ ಊರೊಂದು ಆಸ್ತಿ ತೆರಿಗೆಯ ಒಟ್ಟು ವಸೂಲಿಯನ್ನು ವರ್ಷಕ್ಕೆ ಶೇ. 2.5ಕ್ಕಿಂತ ಹೆಚ್ಚಿಸಬೇಕಾದರೆ, ಹೊಸ ಕಟ್ಟಡಗಳ ಪಾಲನ್ನು ಬಿಟ್ಟು, ಜನರ ಮತ ಕೇಳಬೇಕು. ಆಚೆ ರಾಜ್ಯಕ್ಕೆಲ್ಲ ಅನ್ವಯಿಸುವ ಅಂಥ ಕಡಿವಾಣ ಇಲ್ಲ.

ಈಗ ಬಂದೂಕು. ಗಡಿಯ ಮೇಲೆಯೇ ಇರುವ ನ್ಯಾಶುವಾದ ಫೆಸೆಂಟ್ ಲೇನ್ ಮಾಲ್ ನೋಡಿದರೆ ನನ್ನ ವಾದ ಕಣ್ಣಿಗೆ ಕಟ್ಟುತ್ತದೆ. ಆ ಕಟ್ಟಡದ ಒಂದು ಮೂಲೆ ಕತ್ತರಿಸಿ ತೆಗೆದಂತಿದೆ. ಗಡಿಗೆರೆ ದಾಟಿ ಮ್ಯಾಸಚೂಸೆಟ್ಸ್‌ಗೆ ಚಾಚಿದರೆ ಮಾರಾಟ ತೆರಿಗೆ ತಗಲೀತು ಎಂದು ಹಾಗೆ ಕಟ್ಟಿದ್ದು. ಅಂಗಡಿ ಆಚೆ ಉಳಿಯಿತು, ಪಾರ್ಕಿಂಗ್‌ನ ಒಂದು ಭಾಗ ಈಚೆಯ ಟಿಂಗ್ಸ್‌ಬರೋಗೆ ಸೇರಿತು. ಮಾಲ್ ಕಟ್ಟಿದವರು ಗೆರೆಯನ್ನು ಅಳೆದು ನೋಡಿದರು. ಕಾರಿನಲ್ಲಿ ಪಿಸ್ತೂಲು ಇಟ್ಟುಕೊಂಡು ಬರುವವರು ಅಳೆಯುವುದಿಲ್ಲ. ನ್ಯಾಶುವಾ ರಸ್ತೆಯಲ್ಲಿ ಯಾರೂ ಪ್ರಶ್ನಿಸದ ಆ ಪಿಸ್ತೂಲು, ಮ್ಯಾಸಚೂಸೆಟ್ಸ್ ಲೈಸೆನ್ಸ್ ಇಲ್ಲದಿದ್ದರೆ, ಅದೇ ಪಾರ್ಕಿಂಗ್‌ನ ಇನ್ನೊಂದು ತುದಿಯಲ್ಲಿ ಜೈಲಿಗೆ ದಾರಿ. ಲೈಸೆನ್ಸ್ ಇಲ್ಲದೆ ಒಯ್ದರೆ ಆ ರಾಜ್ಯದ ಕಾನೂನು ವಿಧಿಸುವ ಕನಿಷ್ಠ ಶಿಕ್ಷೆಯೇ 18 ತಿಂಗಳು. ಬೇರೆ ರಾಜ್ಯದವರಿಗೂ ತಾತ್ಕಾಲಿಕ ಲೈಸೆನ್ಸ್ ಉಂಟು. ತರಬೇತಿ ಮುಗಿಸಿ, ವರ್ಷ ವರ್ಷವೂ 100 ಡಾಲರ್ ಕಟ್ಟಬೇಕು. ಈಚೆಯ ನಿವಾಸಿಗೆ ಅದೇ 100 ಡಾಲರಿಗೆ ಆರು ವರ್ಷದ ಲೈಸೆನ್ಸ್ ಸಿಗುತ್ತದೆ.

1986ರ ಫೆಡರಲ್ ಕಾನೂನು ರಕ್ಷಣೆ ಕೊಡುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಆ ರಕ್ಷಣೆ ರಾಜ್ಯವನ್ನು ಹಾದುಹೋಗುವವರಿಗೆ, ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಬಂದೂಕು ಕಾನೂನುಬದ್ಧವಾಗಿದ್ದರೆ ಮಾತ್ರ, ಅದೂ ಗುಂಡು ತೆಗೆದು, ಕೈಗೆ ಎಟುಕದಂತೆ ಇಟ್ಟಿದ್ದರೆ. ಬರ್ಲಿಂಗ್ಟನ್ ಆಫೀಸಿಗೆ ಹೋಗುವವರು ಹಾದುಹೋಗುತ್ತಿಲ್ಲ, ತಲುಪುತ್ತಿದ್ದಾರೆ. 2022ರಲ್ಲಿ ಸುಪ್ರೀಂ ಕೋರ್ಟ್ ಮನೆಯಾಚೆ ಬಂದೂಕು ಒಯ್ಯುವ ಹಕ್ಕಿನ ಬಗ್ಗೆ ಬ್ರೂಯೆನ್ ತೀರ್ಪು ಕೊಟ್ಟ ಮೇಲೆ ಎಲ್ಲ ಸಡಿಲವಾಯಿತು ಎನ್ನುವವರಿಗೂ ಉತ್ತರವಿದೆ. ಹೊರರಾಜ್ಯದವರು ಲೈಸೆನ್ಸ್ ಪಡೆಯಬೇಕೆಂಬ ಮ್ಯಾಸಚೂಸೆಟ್ಸ್‌ನ ತಿದ್ದಿದ ನಿಯಮವನ್ನು ಆ ರಾಜ್ಯದ ಅತ್ಯುನ್ನತ ಕೋರ್ಟು 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿರುವವರಿಗಂತೂ ಈ ಚರ್ಚೆಯೇ ಬೇರೆ: ಬಂದೂಕು ಇಟ್ಟುಕೊಳ್ಳುವುದೇ ಅವರಿಗೆ ಫೆಡರಲ್ ಅಪರಾಧ, ಯಾವ ರಾಜ್ಯದಲ್ಲಿದ್ದರೂ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ; ಜಿಂಕೆ ಬೇಟೆಯ ಮನಸ್ಸೇ ಇಲ್ಲದವರು ಆ ಕಿಂಡಿಯಲ್ಲಿ ತೂರಲು ಹೋಗುವುದು ನನಗೆ ಅರ್ಥವಾಗದ ಸಾಹಸ. ಗ್ರೀನ್ ಕಾರ್ಡ್ ಇದ್ದವರು ಇಟ್ಟುಕೊಳ್ಳಬಹುದು, ಆದರೆ ಬಂದೂಕಿನ ಅಪರಾಧ ಸಾಬೀತಾದರೆ ಅವರಿಗೂ ಗಡೀಪಾರಿನ ಬಾಗಿಲು ತೆರೆಯುತ್ತದೆ. ಹದಿನೈದು ವರ್ಷ ಸರದಿಯಲ್ಲಿ ನಿಂತು ಪಡೆದ ಕಾರ್ಡಿನ ಬೆಲೆ ಯಾವ ತೆರಿಗೆ ಉಳಿತಾಯಕ್ಕೂ ಸಮನಾಗದು.

ಬಂದೂಕಿನ ಜೊತೆಗೇ ಮಾರುವ ಒಂದು ಸರಕಿನ ಬಗ್ಗೆ ನನಗೆ ತಾಳ್ಮೆ ಇಲ್ಲ: ‘ಆತ್ಮರಕ್ಷಣೆ ವಿಮೆ’ ಅಥವಾ ಸದಸ್ಯತ್ವ. ತಿಂಗಳಿಗೆ ಇಷ್ಟು ಕಟ್ಟಿ, ಯಾರಿಗಾದರೂ ಗುಂಡು ಹಾರಿಸಿದರೆ ವಕೀಲರ ಖರ್ಚು ನಮ್ಮದು ಎಂಬ ಜಾಹೀರಾತು. ಬೇಕೆಂದೇ ಮಾಡಿದ ಕೃತ್ಯಕ್ಕೆ ವಿಮೆ ಇಲ್ಲ ಎಂಬುದು ವಿಮೆಯ ಹಳೆಯ ನಿಯಮ; ಆತ್ಮರಕ್ಷಣೆಗೆ ಗುಂಡು ಹಾರಿಸುವುದೂ ಬೇಕೆಂದೇ ಮಾಡಿದ್ದು. ಈ ಗಂಟನ್ನು ಬಿಡಿಸಲು ಕರಾರಿನಲ್ಲಿ ಷರತ್ತಿನ ಮೇಲೆ ಷರತ್ತು. ಬಂದೂಕು ಹಕ್ಕಿನ ಸಂಘಟನೆ ಎನ್‌ಆರ್‌ಎ ಹೆಸರಿನಲ್ಲಿ ಮಾರಾಟವಾದ ‘ಕ್ಯಾರಿ ಗಾರ್ಡ್’ ವಿಮೆ ಕಾನೂನುಬಾಹಿರ ಎಂದು ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆ 2018ರಲ್ಲಿ ದಲ್ಲಾಳಿ ಕಂಪನಿಗೆ 70 ಲಕ್ಷ ಡಾಲರ್ ದಂಡ ಹಾಕಿತು. ಲೈಸೆನ್ಸ್ ಇಲ್ಲದೆ ಗಡಿ ದಾಟಿ ಸಿಕ್ಕಿಬಿದ್ದರೆ ಇಂಥ ಸದಸ್ಯತ್ವದ ಕಾರ್ಡು ತೋರಿಸಿ ಪಾರಾಗುತ್ತೇವೆ ಎಂದು ನಂಬಿದವರಿದ್ದಾರೆ. ಭಯ ಹುಟ್ಟಿಸಿ, ಅದೇ ಭಯಕ್ಕೆ ಕಂತು ಕಟ್ಟಿಸಿಕೊಳ್ಳುವ ವ್ಯಾಪಾರ ಇದು. ಆ ದುಡ್ಡನ್ನು ಮನೆ, ಕಾರಿನ ವಿಮೆಯ ಮೇಲೆ ಹೆಚ್ಚುವರಿ ಹೊಣೆ ಹೊರುವ ಅಂಬ್ರೆಲಾ ಪಾಲಿಸಿಗೆ ಹಾಕಿ.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕಾನೂನು ಸಡಿಲವಾಗಿದ್ದರೂ ಕೊಲೆಗಳು ಕಡಿಮೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಕೊಲೆಯ ಪ್ರಮಾಣ ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಅದೂ ಒಂದು. ಆದರೆ ಗುಂಡಿನ ಸಾವು ಎಂದರೆ ಕೊಲೆ ಎಂದುಕೊಳ್ಳುವುದೇ ತಪ್ಪು. 2023ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು ಸುಮಾರು 46,700 ಮಂದಿ. ಅವರಲ್ಲಿ 27,300ರಷ್ಟು ಆತ್ಮಹತ್ಯೆ. 2021ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಲಕ್ಷಕ್ಕೆ 3.4 ಮಂದಿ ಗುಂಡಿಗೆ ಸತ್ತರು, ದೇಶದಲ್ಲೇ ಕನಿಷ್ಠ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇದು ಎರಡು ಪಟ್ಟಿಗಿಂತ ಹೆಚ್ಚು, ಬಹುಪಾಲು ಆತ್ಮಹತ್ಯೆಯೇ. ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರ ದಾಖಲೆ ಹಿಡಿದು ಸ್ಟ್ಯಾನ್‌ಫರ್ಡ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಸ್ತೂಲು ಇಟ್ಟುಕೊಂಡ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಸಂಭವ, ಪಿಸ್ತೂಲು ಇಲ್ಲದ ಗಂಡಸರಿಗಿಂತ ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು ಕಂಡುಬಂತು. ಕಳ್ಳನ ಭಯಕ್ಕೆ ಕೊಂಡ ಪಿಸ್ತೂಲಿನ ದೊಡ್ಡ ಅಪಾಯ ಮನೆಯೊಳಗಿನವರಿಗೇ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಈ ಅಂಕಿ ಯಾವ ತೆರಿಗೆ ದರಕ್ಕಿಂತಲೂ ತೂಕದ್ದು. ಬಂದೂಕು ನಮ್ಮ ಸಂಸ್ಕೃತಿ ಎನ್ನುವ ಕೊಡಗಿನ ಓದುಗರ ಮಾತೂ ನನಗೆ ಗೊತ್ತು. ಭಾರತದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಿದ್ದಾರೆ. ಆದರೆ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗಿಡುವ ಕೋವಿಗೂ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಗುಂಡು ತುಂಬಿಟ್ಟ ಪಿಸ್ತೂಲಿಗೂ ಸಂಬಂಧವಿಲ್ಲ. ಮನೆಯಲ್ಲಿ ಬೀಗ ಹಾಕಿಡುವ ಕೋವಿಗೆ ಮ್ಯಾಸಚೂಸೆಟ್ಸ್‌ನಲ್ಲೂ ಲೈಸೆನ್ಸ್ ಸಿಗುತ್ತದೆ.

ಹಾಗಾದರೆ ಗಡಿ ದಾಟಿ ಯಾರು ಹೋಗಬೇಕು? ನಿವೃತ್ತರು ಹೋಗಲಿ. ಬಡ್ಡಿ, ಡಿವಿಡೆಂಡ್ ಮೇಲಿದ್ದ ತೆರಿಗೆಯನ್ನೂ ನ್ಯೂ ಹ್ಯಾಂಪ್‌ಶೈರ್ 2025ರಿಂದ ತೆಗೆದುಹಾಕಿದೆ; ಎಸ್ಟೇಟ್ ತೆರಿಗೆ ಅಲ್ಲಿಲ್ಲ, ಈಚೆ 20 ಲಕ್ಷ ಡಾಲರ್ ದಾಟಿದರೆ ಇದೆ. ಪೂರ್ತಿ ಮನೆಯಿಂದಲೇ ದುಡಿಯುವವರು, ಅಲ್ಲೇ ಕೆಲಸ ಸಿಕ್ಕವರು, ದೊಡ್ಡ ಮೊತ್ತದ ಷೇರು ಮಾರಲಿರುವವರು ಹೋಗಲಿ. ಬೆಟ್ಟ, ಕೆರೆ, ಮೌನ ಬೇಕೆನ್ನುವವರೂ ಹೋಗಲಿ, ಅದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಗಡಿ ದಾಟಿ ದುಡಿಯುವವರು, ವಾರಾಂತ್ಯದಲ್ಲಿ ಆಶ್‌ಲ್ಯಾಂಡ್‌ನ ಲಕ್ಷ್ಮಿ ದೇವಸ್ಥಾನಕ್ಕೂ ಮಕ್ಕಳ ಭರತನಾಟ್ಯದ ತರಗತಿಗೂ ದಕ್ಷಿಣಕ್ಕೇ ಓಡುವವರು, ಬೆಲೆಯ ಅಂತರ ಖಚಿತವಾಗದೆ ಹೋಗಬಾರದು. ನಾನಿರುವುದೂ ಈ ಲೆಕ್ಕದ ಮೇಲೆಯೇ, ಈಚೆ ಬದಿಯಲ್ಲಿ. ಹಬ್ಬದೂಟದ ಪಂಕ್ತಿಯಲ್ಲಿ ಕೇಳಿದ ‘ಅಲ್ಲಿ ಟ್ಯಾಕ್ಸೇ ಇಲ್ಲವಂತೆ’ ಎಂಬ ಮಾತಿನ ಮೇಲೆ ಆರು ಲಕ್ಷದ ಸಾಲಕ್ಕೆ ಸಹಿ ಹಾಕುವ ಚಾಳಿಯನ್ನು ನಾವು ಬಿಡಬೇಕು. ತರಕಾರಿಗೆ ಚೌಕಾಸಿ ಮಾಡುವ ನಾವು ಮನೆಗೆ ಮಾಡುವುದಿಲ್ಲ. ಕಳೆದ ವರ್ಷದ ಕ್ಯಾಲೆಂಡರ್ ತೆರೆದು ಎಲ್ಲಿ ಎಷ್ಟು ದಿನ ದುಡಿದಿರಿ ಎಂದು ಎಣಿಸಿ, ಎರಡೂ ಊರಿನ ಆಸ್ತಿ ತೆರಿಗೆಯ ಬಿಲ್ಲು ತರಿಸಿ, ಮೇಲಿನ ಲೆಕ್ಕದಲ್ಲಿ ನಿಮ್ಮ ಅಂಕಿ ತುಂಬಿ. ಆ ಕಾಗದ ಕೈಗೆ ಬರುವ ತನಕ ಏಜೆಂಟರ ಫೋನ್ ಎತ್ತಬೇಡಿ.