ಇಂದಿನ ಧಮ್ಮ ಚಿಂತನೆ: ಹಳೆಯ ಬೂಟು ಯಾವಾಗ ಬಿಡಬೇಕು?



ಒಂದು ಜೊತೆ ಬೂಟಿನಿಂದ ನಾನು ಕಲಿತ ಪಾಠವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಾನು ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೆಲಸಕ್ಕೆ ಸೇಫ್ಟಿ ಶೂ ಕೊಡುತ್ತಾರೆ. ಹೊಸ ಜೊತೆ ಬಂದರೂ ನಾನು ಹಾಕುತ್ತಿರಲಿಲ್ಲ. ಡಬ್ಬಿ ಸಮೇತ ಅಟ್ಟದ ಮೇಲಿಟ್ಟು ಹಳೆಯದನ್ನೇ ಸವೆಸುತ್ತಿದ್ದೆ. ನಮ್ಮಜ್ಜ ಮೇಲ್ಜಾತಿಯವರ ಬೀದಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಅವರ ಮೊಮ್ಮಗನಿಗೆ ಬೂಟು ಎಸೆಯಲು ಮನಸ್ಸು ಹೇಗೆ ಬರುತ್ತದೆ?

ಹೋದ ವರ್ಷ ಆ ಹಳೆಯ ಜೊತೆಗೆ ಪಾಲಿಶ್ ಹಾಕಿ, ನಮ್ಮಲ್ಲಿ ಕೆಲಸ ಮಾಡುವ ಗುತ್ತಿಗೆ ಹುಡುಗನಿಗೆ ಕೊಟ್ಟೆ. ಗುತ್ತಿಗೆದಾರ ಅವನಿಗೆ ಶೂ ಕೊಟ್ಟಿರಲಿಲ್ಲ. ಹವಾಯಿ ಚಪ್ಪಲಿಯಲ್ಲೇ ಬರುತ್ತಿದ್ದ. "ನನ್ನ ಅಳತೇದೇ ಇದೆ ಅಣ್ಣ" ಅಂತ ಖುಷಿಪಟ್ಟ. ದಾನ ಮಾಡಿದೆ ಎಂದು ನನಗೂ ಸಮಾಧಾನ.

ಮೂರು ವಾರ ಕಳೆದಿತ್ತು. ನೆಲದ ಮೇಲೆ ಚೆಲ್ಲಿದ್ದ ಎಣ್ಣೆಯಲ್ಲಿ ಅವನು ಜಾರಿ ಬಿದ್ದ. ಮಣಿಕಟ್ಟಿನ ಮೂಳೆ ಮುರಿಯಿತು. ಅವನ ಕಾಲಿನ ಶೂ ಬಿಚ್ಚಿ ತಿರುಗಿಸಿ ನೋಡಿದೆ. ಸೋಲಿನ ಗೆರೆಗಳೆಲ್ಲ ಸವೆದು ಗಾರೆ ನೆಲದಂತೆ ನುಣುಪಾಗಿತ್ತು. ಮೇಲೆ ಪಾಲಿಶ್ ಹಾಕುವಾಗ ಕೆಳಗೆ ನೋಡಿರಲೇ ಇಲ್ಲ ನಾನು.

ತಪ್ಪು ತಿದ್ದಿಕೊಳ್ಳೋಣವೆಂದು ಅಟ್ಟದ ಮೇಲಿನ ಹೊಸ ಜೊತೆ ಇಳಿಸಿದೆ. ಐದಾರು ವರ್ಷದಿಂದ ಒಮ್ಮೆಯೂ ಹಾಕಿರಲಿಲ್ಲ. ಹೊಳೆಯುತ್ತಿತ್ತು. ಹಿಮ್ಮಡಿಯ ಕಡೆ ಹೆಬ್ಬೆರಳಿನಿಂದ ಒತ್ತಿದರೆ ಸೋಲು ಒಣ ರೊಟ್ಟಿಯಂತೆ ಪುಡಿಯಾಗಿ ಉದುರಿತು! ಸ್ಟೋರಿನಲ್ಲಿರುವ ಹಿರಿಯರೊಬ್ಬರು ಕಾರಣ ಹೇಳಿದರು. ಬಹಳಷ್ಟು ಸೇಫ್ಟಿ ಶೂಗಳ ಸೋಲು ಪಾಲಿಯುರೆಥೇನ್‌ನದು. ಗಾಳಿಯ ತೇವಾಂಶ ಅದನ್ನು ಒಳಗಿಂದಲೇ ಮೆಲ್ಲಗೆ ಒಡೆಯುತ್ತದೆ. ಸೆಕೆ, ತೇವ ಹೆಚ್ಚಿದ್ದಲ್ಲಿ ಇನ್ನೂ ಬೇಗ. ಹಾಕಿದರೂ ಹಾಕದಿದ್ದರೂ, ತಯಾರಾದ ದಿನದಿಂದಲೇ ಅದಕ್ಕೆ ವಯಸ್ಸಾಗುತ್ತಿರುತ್ತದೆ.

ಬಳಸಿದರೆ ಸವೆಯುತ್ತದೆ, ಎತ್ತಿಟ್ಟರೆ ಉಳಿಯುತ್ತದೆ ಎಂದುಕೊಂಡಿದ್ದೆ. ಅನಿತ್ಯವೆಂದು ವಾರವಾರವೂ ಓದುತ್ತಿದ್ದವನಿಗೆ ಅದು ಅಟ್ಟದ ಮೇಲಿನ ಡಬ್ಬಿಯೊಳಗೂ ಇದೆಯೆಂದು ಹೊಳೆದಿರಲಿಲ್ಲ.

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಕೋಸಂಬಿಯ ರಾಜ ಉದೇನನ ರಾಣಿಯರು ಆನಂದರಿಗೆ 500 ಚೀವರಗಳನ್ನು ದಾನ ಕೊಟ್ಟರು. ಇಷ್ಟೊಂದು ಏನು ಮಾಡುತ್ತೀರಿ ಎಂದು ರಾಜ ಕೇಳಿದ. ಚೀವರ ಹರಿದಿರುವ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಾಗಾದರೆ ಹಳೆಯವು? ಹಾಸಿಗೆಯ ಮೇಲುಹೊದಿಕೆ ಆಗುತ್ತವೆ. ಅದೂ ಹಳತಾದರೆ ಹಾಸಿಗೆಯ ಗವಸು, ಆಮೇಲೆ ನೆಲಹಾಸು, ಕಾಲೊರಸು, ದೂಳು ಒರೆಸುವ ಬಟ್ಟೆ. ಕೊನೆಗೆ ಚಿಂದಿಯನ್ನು ಕುಟ್ಟಿ ಮಣ್ಣಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ.

ಗಮನಿಸಿ ಬಂಧುಗಳೇ. ಅಲ್ಲಿ ಏನೂ ವ್ಯರ್ಥವಾಗಲಿಲ್ಲ. ಆದರೆ ಹರಿದ ಚೀವರವನ್ನು ಇನ್ನೊಬ್ಬರ ಮೈಮೇಲೆ ಹೊದಿಸಲಿಲ್ಲ. ಹಂಚಿದ್ದು ಹೊಸದನ್ನು. ನಾನು ಮಾಡಿದ್ದು ಇದಕ್ಕೆ ತಿರುಗಾಮುರುಗಾ. ಹೊಸದನ್ನು ಬಚ್ಚಿಟ್ಟೆ, ಸವೆದದ್ದನ್ನು ನನಗಿಂತ ಕೆಳಗಿನವನಿಗೆ ಕೊಟ್ಟೆ. ನಮ್ಮ ಹಿರಿಯರಿಗೆ ಹರಕು ಬಟ್ಟೆ, ತಂಗಳನ್ನ ಕೊಟ್ಟವರೂ ಅದನ್ನು ಧರ್ಮವೆಂದೇ ಕರೆದಿದ್ದರು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಎಂಜಲು ಬಿಡಿ ಎಂದು ನಮಗೆ ಕರೆ ಕೊಟ್ಟರು. ಎಂಜಲು ತಿನ್ನಬಾರದು ಎಂದು ಕಲಿತ ನಾನು, ಎಂಜಲು ಕೊಡಬಾರದು ಎನ್ನುವುದನ್ನು ಕಲಿತಿರಲಿಲ್ಲ.

*ಬೂಟು ಬದಲಿಸುವ ಮುನ್ನ ನೋಡಬೇಕಾದದ್ದು:*
1. ಸೋಲಿನ ಗೆರೆ ಸವೆದು ನುಣುಪಾಗಿದೆಯೇ?
2. ಒತ್ತಿ, ಬಗ್ಗಿಸಿ ನೋಡಿದಾಗ ಬಿರುಕು, ಅಂಟು, ಪುಡಿ ಕಾಣುತ್ತದೆಯೇ?
3. ಸೋಲು ಅಂಚಿನಲ್ಲಿ ಬಿಟ್ಟುಕೊಂಡಿದೆಯೇ? ಚರ್ಮ ಹರಿದು ಬೆರಳ ಭಾಗದ ಉಕ್ಕು ಕಾಣುತ್ತಿದೆಯೇ?
4. ಬೆರಳ ಭಾಗದ ಮೇಲೆ ಭಾರವಾದದ್ದು ಬಿದ್ದಿತ್ತೇ? ಹಾಗಿದ್ದರೆ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.
5. ತಯಾರಾದ ತಿಂಗಳು, ವರ್ಷ ಶೂ ಮೇಲೆ ಇರುತ್ತದೆ. ನಾನು ಕೊಂಡು ಎಷ್ಟು ದಿನವಾಯಿತು ಎಂದಲ್ಲ, ಆ ದಿನದಿಂದ ಲೆಕ್ಕ ಹಾಕಿ.

ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಆ ಜೊತೆ ಕೆಲಸಕ್ಕೆ ಸಲ್ಲದು. ಕತ್ತರಿಸಿ ಬಿಸಾಡಿ, ಮತ್ಯಾರೂ ಹಾಕಿಕೊಳ್ಳದಂತೆ.

ಹುಡುಗನ ಕೈ ಈಗ ವಾಸಿಯಾಗಿದೆ. ಅವನ ಕ್ಷಮೆ ಕೇಳಿದೆ. "ಬಿಡಣ್ಣ" ಅಂದ. ಬಿಡಲಿಲ್ಲ ನಾನು. ನಾವು ನಾಲ್ಕು ಜನ ಸೇರಿ ಗುತ್ತಿಗೆದಾರನ ಹತ್ತಿರ ಹೋಗಿ ಎಂಟು ಹುಡುಗರಿಗೂ ಶೂ ಕೇಳಿದೆವು. ಆರು ಜೊತೆ ಬಂದಿವೆ. ಎರಡು ಬಾಕಿ ಇವೆ. ಸೋಮವಾರ ಮತ್ತೆ ಹೋಗುತ್ತೇವೆ.

*ಇಂದಿನ ಅಭ್ಯಾಸ:* ಮನೆಯಲ್ಲಿ ಎತ್ತಿಟ್ಟ ಒಂದು ವಸ್ತುವನ್ನು ಇವತ್ತು ಕೆಳಗಿಳಿಸಿ ನೋಡಿ. ಅದು ಯಾರಿಗೆ ಬೇಕಾಗಿದೆ? ಇನ್ನೂ ಚೆನ್ನಾಗಿರುವಾಗಲೇ ಕೊಡಿ.

ನಮೋ ಬುದ್ಧಾಯ. ಜೈ ಭೀಮ್. 🙏